ಚಿತ್ರದೊಂದಿಗೆ ಮನೆಯ ವಿಳಾಸವೂ ಹೋಗದಿರಲಿ

ಮಾನ್ಯ ಸಂಪಾದಕರಿಗೆ,

ವಂದನೆಗಳು. ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿಯೂ ಓದುಗರ ಛಾಯಾಚಿತ್ರ ಸ್ಪರ್ಧೆಯ ಪ್ರಕಟಣೆಯಲ್ಲಿಯೂ ‘ಚಿತ್ರಗಳನ್ನು ಮೂಲ ಗಾತ್ರದಲ್ಲೇ ಇ-ಮೇಲ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳನ್ನು ಪರಿಗಣಿಸುವುದಿಲ್ಲ’ ಎಂಬ ಸೂಚನೆ ಇರುತ್ತದೆ. ಅಚ್ಚಿನ ಗುಣಮಟ್ಟದ ದೃಷ್ಟಿಯಿಂದ ಅದು ಸರಿಯಾದ ಸೂಚನೆಯೇ. ಆದರೆ ಹಾಗೆ ಕಳುಹಿಸಿದ ಮೂಲ ಕಡತದಲ್ಲಿ ಕಣ್ಣಿಗೆ ಕಾಣುವ ಚಿತ್ರವಷ್ಟೇ ಇರುವುದಿಲ್ಲ. ಅದನ್ನು ಭೂಮಿಯ ಮೇಲೆ ಯಾವ ಜಾಗದಲ್ಲಿ ನಿಂತು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ, ಯಾವ ಕಂಪನಿಯ ಯಾವ ಮಾದರಿಯ ಫೋನಿನಿಂದ ತೆಗೆಯಲಾಯಿತು ಎಂಬ ಬರಹವೂ ಅದರೊಳಗೆ ಸೇರಿಕೊಂಡಿರುತ್ತದೆ. ಮೆಟಾಡೇಟಾ ಎಂದು ಕರೆಯಲಾಗುವ ಈ ಬರಹದ ವಿಷಯ ಚಿತ್ರ ಕಳುಹಿಸುವವರಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಇತ್ತೀಚಿನವರೆಗೆ ನನಗೂ ತಿಳಿದಿರಲಿಲ್ಲ.

ತಿಳಿದದ್ದು ಹೀಗೆ. ಕೆಲವು ತಿಂಗಳ ಹಿಂದೆ, ಮನೆಯಲ್ಲಿ ಮೂಲೆ ಹಿಡಿದಿದ್ದ ಸೈಕಲ್ಲೊಂದನ್ನು ಮಾರಲೆಂದು ಹಳೆಯ ಸಾಮಾನು ಕೊಳ್ಳುವ, ಮಾರುವ ಜಾಲತಾಣವೊಂದರಲ್ಲಿ ಮೂರು ಚಿತ್ರಗಳನ್ನು ಹಾಕಿದ್ದೆ. ವಿಳಾಸ ಕೊಟ್ಟಿರಲಿಲ್ಲ, ಹೆಸರನ್ನೂ ಕೊಟ್ಟಿರಲಿಲ್ಲ. ‘ಆಸಕ್ತರು ಸಂದೇಶ ಕಳುಹಿಸಿ’ ಎಂದಷ್ಟೇ ಬರೆದಿದ್ದೆ. ಮರುದಿನ ಬೆಳಗ್ಗೆ ಏಳೂವರೆಗೆ ಗೇಟಿನ ಚಿಲಕದ ಸದ್ದಾಯಿತು. ಹೊರಗೆ ಬಂದು ನೋಡಿದರೆ ಪರಿಚಯವಿಲ್ಲದ ಯುವಕನೊಬ್ಬ ನಿಂತಿದ್ದ. ‘ಸೈಕಲ್ ಇನ್ನೂ ಇದೆಯಾ ಸರ್? ಬೇರೆಯವರು ತೊಗೊಳ್ಳೋದ್ರೊಳಗೆ ನೋಡ್ಬಿಡೋಣ ಅಂತ ಬಂದೆ’ ಎಂದ. ಮನೆ ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ ಆತ ಯಾವ ಅಳುಕೂ ಇಲ್ಲದೆ ಫೋನ್ ತೆಗೆದು, ಜಾಹೀರಾತಿನಿಂದ ಇಳಿಸಿಕೊಂಡಿದ್ದ ನನ್ನದೇ ಚಿತ್ರವನ್ನು ತೆರೆದು, ಬೆರಳಿನಿಂದ ಒಮ್ಮೆ ಮೇಲಕ್ಕೆ ಸರಿಸಿ ತೋರಿಸಿದ. ಚಿತ್ರದ ಕೆಳಗೆ ಪುಟ್ಟದೊಂದು ಭೂಪಟ ಕಾಣಿಸಿತು. ಅದರ ಮೇಲಿನ ಚುಕ್ಕಿ ನಮ್ಮ ಬಡಾವಣೆಯ ಮೇಲಲ್ಲ, ನಮ್ಮ ರಸ್ತೆಯ ಮೇಲೂ ಅಲ್ಲ, ಸೈಕಲ್ಲನ್ನು ಒರಗಿಸಿ ನಿಲ್ಲಿಸಿದ್ದ ಜಗಲಿಯ ಮೇಲೆಯೇ ಕುಳಿತಿತ್ತು.

ಆ ಹುಡುಗ ಸಭ್ಯ. ಚೌಕಾಸಿ ಮಾಡದೆ ಹಣ ಕೊಟ್ಟು ಸೈಕಲ್ ತಳ್ಳಿಕೊಂಡು ಹೋದ. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಮಾತ್ರ, ‘ಅವನು ಒಳ್ಳೆಯವನಾಗಿದ್ದಕ್ಕೆ ಸರಿಹೋಯ್ತು’ ಎಂದು ಹೇಳಿ ಒಳಗೆ ಹೋದಳು. ಆ ಮಾತು ಇಡೀ ದಿನ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ರಾತ್ರಿ ಕುಳಿತು ನನ್ನ ಫೋನಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ಹಾಗೆಯೇ ಮೇಲಕ್ಕೆ ಸರಿಸಿ ನೋಡುತ್ತಾ ಹೋದೆ. ಮೊಮ್ಮಗಳು ಮನೆಯಲ್ಲಿ ಮಣ್ಣಿನ ಆನೆ ಹಿಡಿದು ನಿಂತ ಚಿತ್ರ. ಅವಳನ್ನು ಶಾಲೆಯಿಂದ ಕರೆತರುವಾಗ ಗೇಟಿನ ಬಳಿ ತೆಗೆದ ಚಿತ್ರಗಳು, ಎಲ್ಲವೂ ವಾರದ ದಿನಗಳಲ್ಲಿ, ಎಲ್ಲವೂ ಮೂರೂ ಐವತ್ತರಿಂದ ನಾಲ್ಕು ಗಂಟೆಯೊಳಗೆ. ಶನಿವಾರದ ಸಂಗೀತ ಪಾಠದ ಮನೆಯಲ್ಲಿ ತೆಗೆದವು. ಒಂದು ಚಿತ್ರ ಒಂದು ಜಾಗವನ್ನು ಹೇಳುತ್ತದೆ, ಅಷ್ಟೇ. ಅಂಥ ಇಪ್ಪತ್ತು ಚಿತ್ರಗಳು ಒಬ್ಬರ ಕೈಗೆ ಸಿಕ್ಕರೆ ಒಂದು ಮಗುವಿನ ಇಡೀ ವಾರದ ದಿನಚರಿಯೇ ಸಿಕ್ಕಂತೆ.

ಈ ಬರಹವನ್ನು ಯಾರೂ ಕೆಟ್ಟ ಉದ್ದೇಶದಿಂದ ಚಿತ್ರದೊಳಗೆ ಸೇರಿಸಿದ್ದಲ್ಲ ಎಂಬುದನ್ನು ಹೇಳಲೇಬೇಕು. ಎಕ್ಸಿಫ್ ಎಂಬ ಹೆಸರಿನ ಈ ಮಾನದಂಡವನ್ನು ಜಪಾನಿನ ಎಲೆಕ್ಟ್ರಾನಿಕ್ ಉದ್ಯಮದ ಸಂಘವೊಂದು 1995ರಲ್ಲಿ ರೂಪಿಸಿತು. ಷಟರ್ ವೇಗ ಸೆಕೆಂಡಿನ 125ನೆಯ ಒಂದು ಭಾಗವೋ, 60ನೆಯ ಒಂದು ಭಾಗವೋ, ಅಪರ್ಚರ್ ಎಷ್ಟಿತ್ತು, ಫ್ಲಾಷ್ ಬೆಳಗಿತ್ತೋ ಇಲ್ಲವೋ, ಕ್ಯಾಮೆರಾವನ್ನು ಅಡ್ಡ ಹಿಡಿದಿದ್ದರೋ ಉದ್ದ ಹಿಡಿದಿದ್ದರೋ ಎಂಬುದನ್ನೆಲ್ಲ ಚಿತ್ರದ ಜೊತೆಗೇ ಬರೆದಿಟ್ಟರೆ ಛಾಯಾಗ್ರಾಹಕರಿಗೂ ತಂತ್ರಾಂಶಗಳಿಗೂ ಅನುಕೂಲ ಎಂಬುದು ಅದರ ಉದ್ದೇಶವಾಗಿತ್ತು. ಹಿಂದೆ ನಾವು ಫೋಟೊದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ತಾರೀಕನ್ನೂ ಊರನ್ನೂ ಬರೆದಿಡುತ್ತಿದ್ದುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಬಂದದ್ದು ಕ್ಯಾಮೆರಾ ಫೋನಿನೊಳಗೆ ಸೇರಿ, ಅದೇ ಫೋನಿನೊಳಗೆ ಜಿಪಿಎಸ್ ಕೂಡ ಬಂದು ಕೂತಾಗ. ಬೆನ್ನಿಗೆ ಬರೆದದ್ದು ಆಲ್ಬಮ್ಮಿನಲ್ಲೇ ಉಳಿಯುತ್ತಿತ್ತು. ಕಡತದೊಳಗೆ ಬರೆದದ್ದು ಕಡತ ಹೋದಲ್ಲೆಲ್ಲ ಹೋಗುತ್ತದೆ, ಎಷ್ಟು ಪ್ರತಿಗಳಾದರೂ ಮಾಸುವುದಿಲ್ಲ.

ಅದು ಎಷ್ಟು ನಿಖರವೆಂಬುದನ್ನೂ ತಿಳಿಯಬೇಕು. ಅಕ್ಷಾಂಶದ ಒಂದು ಸೆಕೆಂಡ್, ಅಂದರೆ ಒಂದು ಡಿಗ್ರಿಯ 3600ನೆಯ ಒಂದು ಭಾಗ, ನೆಲದ ಮೇಲೆ ಸುಮಾರು 31 ಮೀಟರ್. ಹಲವು ಫೋನುಗಳು ಸೆಕೆಂಡಿನ ನೂರನೆಯ ಭಾಗದವರೆಗೂ ಬರೆದಿಡುತ್ತವೆ. ಅಷ್ಟು ಸೂಕ್ಷ್ಮವಾಗಿ ಜಿಪಿಎಸ್ ಅಳೆಯಲಾರದು ನಿಜ, ಆದರೆ ಬಯಲಿನಲ್ಲಿ ನಿಂತ ಸಾಮಾನ್ಯ ಫೋನಿಗೂ ಐದು ಮೀಟರಿನ ಆಸುಪಾಸಿನ ಖಚಿತತೆ ಸಾಧ್ಯ. ಒಂದು ಮನೆಯನ್ನು ಪಕ್ಕದ ಮನೆಯಿಂದ ಬೇರೆಯಾಗಿ ಗುರುತಿಸಲು ಅಷ್ಟು ಸಾಕು. ಇದರೊಂದಿಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ, ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದೂ ಎಷ್ಟೋ ಚಿತ್ರಗಳಲ್ಲಿರುತ್ತದೆ. ದೊಡ್ಡ ಕ್ಯಾಮೆರಾಗಳಾದರೆ ತಮ್ಮ ಕ್ರಮಸಂಖ್ಯೆಯನ್ನೂ ಬರೆಯಬಲ್ಲವು. ಹಾಗಾದಾಗ ಹೆಸರಿಲ್ಲದೆ ಹಾಕಿದ ಚಿತ್ರವನ್ನೂ ಹೆಸರು ಹಾಕಿ ಪ್ರಕಟಿಸಿದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ಎರಡೂ ಒಂದೇ ಕ್ಯಾಮೆರಾದವು ಎಂದು ಹೇಳಿಬಿಡಬಹುದು.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಮತ್ತೊಂದಿದೆ. ಎಕ್ಸಿಫ್‌ನೊಳಗೆ ಅಂಚೆಚೀಟಿಯಷ್ಟು ಗಾತ್ರದ, ಅದೇ ಚಿತ್ರದ ಒಂದು ಪುಟ್ಟ ಪ್ರತಿಯೂ ಇರುತ್ತದೆ. ಚಿತ್ರವನ್ನು ಕತ್ತರಿಸಿ, ಅಥವಾ ಒಬ್ಬರ ಮುಖವನ್ನು ಮಸುಕು ಮಾಡಿ ಉಳಿಸಿದಾಗ ಒಳ್ಳೆಯ ತಂತ್ರಾಂಶಗಳು ಈ ಪುಟ್ಟ ಪ್ರತಿಯನ್ನೂ ಹೊಸದಾಗಿ ಬರೆಯುತ್ತವೆ; ಆದರೆ ಕೆಲವು ಬರೆಯುವುದಿಲ್ಲ. ಆಗ ಹೊರಗಿನ ಚಿತ್ರದಲ್ಲಿ ಮುಖ ಮುಚ್ಚಿರುತ್ತದೆ, ಒಳಗಿನ ಪುಟ್ಟ ಚಿತ್ರದಲ್ಲಿ ಅದು ತೆರೆದೇ ಇರುತ್ತದೆ. ಇನ್ನು ಈಚಿನ ಫೋನುಗಳಲ್ಲಿ ಗುಂಡಿ ಒತ್ತುವ ಮೊದಲಿನ ಮತ್ತು ನಂತರದ ಒಂದೆರಡು ಸೆಕೆಂಡುಗಳ ವಿಡಿಯೊವನ್ನು ಚಿತ್ರದೊಂದಿಗೇ ಉಳಿಸುವ ಸೌಲಭ್ಯವಿದೆ. ಎಷ್ಟೋ ಸಲ ಅದರಲ್ಲಿ ಧ್ವನಿಯೂ ಇರುತ್ತದೆ. ಚಿತ್ರ ತೆಗೆಯುವಾಗ ಪಕ್ಕದಲ್ಲಿ ಯಾರೋ ಆಡಿದ ಮಾತು ಚಿತ್ರದ ಜೊತೆಗೆ ಹೊರಟುಹೋಗಬಹುದೆಂದು ಎಷ್ಟು ಮಂದಿ ಊಹಿಸಿಯಾರು?

ಪತ್ರಿಕೆಗಳಿಗೆ ಈ ವಿಷಯ ಹೊರಗಿನದಲ್ಲ ಎಂಬುದಕ್ಕೆ 2012ರ ಡಿಸೆಂಬರ್‌ನ ಒಂದು ಘಟನೆ ಸಾಕು. ಆ್ಯಂಟಿವೈರಸ್ ತಂತ್ರಾಂಶದಿಂದ ಹೆಸರಾಗಿದ್ದ ಜಾನ್ ಮೆಕಾಫಿ, ಬೆಲೀಜ್ ದೇಶದ ಪೊಲೀಸರ ವಿಚಾರಣೆಯಿಂದ ತಪ್ಪಿಸಿಕೊಂಡು ಗುಪ್ತವಾಗಿ ಓಡಾಡುತ್ತಿದ್ದಾಗ, ಅವರೊಂದಿಗಿದ್ದ ವೈಸ್ ಪತ್ರಿಕೆಯವರು ಅವರ ಚಿತ್ರವೊಂದನ್ನು ಜಾಲತಾಣದಲ್ಲಿ ಪ್ರಕಟಿಸಿದರು. ಎಲ್ಲಿದ್ದಾರೆಂಬುದನ್ನು ವರದಿಯಲ್ಲಿ ಎಚ್ಚರಿಕೆಯಿಂದ ಮುಚ್ಚಿಟ್ಟಿದ್ದರು. ಆದರೆ ಐಫೋನಿನಲ್ಲಿ ತೆಗೆದ ಆ ಚಿತ್ರದ ಮೆಟಾಡೇಟಾವನ್ನು ಯಾರೂ ತೆಗೆದಿರಲಿಲ್ಲ. ಅವರು ಗ್ವಾಟೆಮಾಲಾದಲ್ಲಿ ಇದ್ದಾರೆಂಬುದು ಅಕ್ಷಾಂಶ ರೇಖಾಂಶಗಳ ಸಮೇತ ಓದುಗರಿಗೆ ಸಿಕ್ಕಿಬಿಟ್ಟಿತು. ಎರಡು ದಿನಗಳ ನಂತರ ಅಲ್ಲಿಯೇ ಅವರ ಬಂಧನವೂ ಆಯಿತು. ಮೆಕಾಫಿಯವರ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಅವರ ಜಾಗದಲ್ಲಿ ಗುರುತು ಬಹಿರಂಗಪಡಿಸಬಾರದೆಂದು ವರದಿಗಾರರಿಗೆ ಕೈ ಮುಗಿದು ಕೇಳಿಕೊಂಡ ಒಬ್ಬ ಹೆಣ್ಣುಮಗಳನ್ನು ಇಟ್ಟು ಯೋಚಿಸಬೇಕೆಂದು ಕೋರುತ್ತೇನೆ. ಅವಳ ಹೆಸರನ್ನು ಬದಲಿಸುತ್ತೀರಿ, ಮುಖ ಕಾಣದಂತೆ ಬೆನ್ನ ಕಡೆಯಿಂದ ಚಿತ್ರ ತೆಗೆಯುತ್ತೀರಿ, ಊರಿನ ಹೆಸರನ್ನೂ ಬಿಡುತ್ತೀರಿ. ಚಿತ್ರ ಮಾತ್ರ ಅವಳ ಮನೆಯ ಹೊಸ್ತಿಲಿನ ಗುರುತನ್ನು ಹೊತ್ತುಕೊಂಡೇ ಜಾಲತಾಣಕ್ಕೆ ಏರುತ್ತದೆ.

ಸೈನ್ಯದವರೇ ಈ ವಿಷಯದಲ್ಲಿ ಎಡವಿದ್ದಾರೆ. 2007ರಲ್ಲಿ ಇರಾಕ್‌ನ ನೆಲೆಯೊಂದಕ್ಕೆ ಹೊಸ ಹೆಲಿಕಾಪ್ಟರುಗಳು ಬಂದಿಳಿದಾಗ ಅಮೆರಿಕದ ಸೈನಿಕರು ಚಿತ್ರ ತೆಗೆದು ಅಂತರ್ಜಾಲಕ್ಕೆ ಹಾಕಿದರು. ಅದರಲ್ಲಿದ್ದ ಸ್ಥಳದ ಮಾಹಿತಿ ಹಿಡಿದು ನಡೆದ ಮಾರ್ಟರ್ ದಾಳಿಯಲ್ಲಿ ನಾಲ್ಕು ಅಪಾಚೆ ಹೆಲಿಕಾಪ್ಟರುಗಳು ನಾಶವಾದವೆಂದು ಆ ಸೇನೆಯೇ 2012ರಲ್ಲಿ ತನ್ನವರನ್ನು ಎಚ್ಚರಿಸುತ್ತಾ ಹೇಳಿತು. ಸಾಮಾನ್ಯರ ಪಾಡನ್ನು ಇನ್ನೂ ಚೆನ್ನಾಗಿ ತೋರಿಸಿದ್ದು 2014ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಓವೆನ್ ಮಂಡಿ ಮಾಡಿದ ಕೆಲಸ. ಜನರು ತಾವಾಗಿಯೇ ಅಂತರ್ಜಾಲಕ್ಕೆ ಹಾಕಿದ್ದ ಹತ್ತು ಲಕ್ಷ ಬೆಕ್ಕಿನ ಚಿತ್ರಗಳನ್ನು, ಅವುಗಳ ಸ್ಥಳದ ಮಾಹಿತಿಯಂತೆ ಅವರು ವಿಶ್ವದ ಭೂಪಟದ ಮೇಲೆ ಹರಡಿಟ್ಟರು. ಬೆಕ್ಕು ಇರುವುದು ಮನೆಯಲ್ಲಿ. ಬೆಕ್ಕಿನ ಚಿತ್ರದಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದುಕೊಂಡವರ ಮನೆಗಳೆಲ್ಲ ಆ ಭೂಪಟದ ಮೇಲೆ ಬಿದ್ದವು.

ಹಾಗಿದ್ದರೆ ಎಲ್ಲರೂ ದಿನಕ್ಕೆ ಹತ್ತಾರು ಚಿತ್ರ ಹಂಚಿಕೊಂಡರೂ ಹೆಚ್ಚಿನವರಿಗೆ ತೊಂದರೆ ಆಗಿಲ್ಲವಲ್ಲ ಎಂದು ಕೇಳಬಹುದು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಚಿತ್ರವಾಗಿಯೇ ಕಳುಹಿಸಿದರೆ, ಅದು ಚಿತ್ರವನ್ನು ಕುಗ್ಗಿಸುವಾಗ ಈ ಬರಹವೂ ಉದುರಿಹೋಗುತ್ತದೆ. ಅದನ್ನೇ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿದರೆ ಎಲ್ಲವೂ ಹಾಗೆಯೇ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳು ಸಾರ್ವಜನಿಕರಿಗೆ ತೋರಿಸುವ ಪ್ರತಿಯಿಂದ ಸ್ಥಳದ ಮಾಹಿತಿಯನ್ನು ತೆಗೆಯುತ್ತವೆ. ಆದರೆ ಕಳುಹಿಸಿದ ಮೂಲ ಕಡತದಲ್ಲಿ ಅದಿದ್ದರೆ ಅದು ಆ ಕಂಪನಿಗಳ ಕೈಗಂತೂ ಸೇರಿರುತ್ತದೆ. ಇ-ಮೇಲ್ ಮಾತ್ರ ಏನನ್ನೂ ಮುಟ್ಟದೆ, ಕೊಟ್ಟದ್ದನ್ನು ಕೊಟ್ಟಂತೆಯೇ ತಲುಪಿಸುತ್ತದೆ. ಇಲ್ಲಿಗೆ ನಾನು ಈ ಪತ್ರ ಬರೆಯಲು ಕಾರಣವಾದ ಮಾತಿಗೆ ಬಂದೆ. ‘ವಾಟ್ಸ್‌ಆ್ಯಪ್ ಬೇಡ, ಮೂಲ ಕಡತವನ್ನೇ ಇ-ಮೇಲ್ ಮಾಡಿ’ ಎನ್ನುವ ಸೂಚನೆ, ಓದುಗರನ್ನು ಮಾಹಿತಿ ಉದುರಿಹೋಗುವ ದಾರಿಯಿಂದ ಎಬ್ಬಿಸಿ ಮಾಹಿತಿ ಪೂರ್ತಿಯಾಗಿ ಉಳಿಯುವ ದಾರಿಗೆ ಕಳುಹಿಸುತ್ತಿದೆ. ದಾರಿಯನ್ನು ಆರಿಸಿಕೊಟ್ಟವರು ನೀವಾದ್ದರಿಂದ, ಆ ದಾರಿಯ ಕೊನೆಯಲ್ಲಿ ಕಾವಲು ಇಡುವ ಹೊಣೆಯೂ ನಿಮ್ಮದಾಗುತ್ತದೆ ಎಂದು ನನ್ನ ವಿನಮ್ರ ಅಭಿಪ್ರಾಯ.

ಕಳುಹಿಸುವವರೇ ಎಚ್ಚರಿಕೆಯಿಂದ ಇರಲಿ ಎಂಬುದು ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ. ಎಚ್ಚರಿಕೆಯ ಕ್ರಮಗಳು ಇರುವುದು ನಿಜ, ಅವು ಕಷ್ಟದವೂ ಅಲ್ಲ. ಮೊದಲನೆಯದಾಗಿ, ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾಕ್ಕೆ ಕೊಟ್ಟಿರುವ ಲೊಕೇಶನ್ ಅನುಮತಿಯನ್ನು ಹಿಂತೆಗೆದರೆ ಮುಂದಿನ ಚಿತ್ರಗಳಲ್ಲಿ ಸ್ಥಳ ದಾಖಲಾಗುವುದೇ ಇಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಇದು ಹೆಚ್ಚಾಗಿ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲೂ ಸಿಗುತ್ತದೆ. ಐಫೋನಿನಲ್ಲಿ 2019ರ ಐಒಎಸ್ 13ರಿಂದ ಈಚೆಗೆ ಚಿತ್ರ ಹಂಚುವ ಪರದೆಯ ಮೇಲ್ಭಾಗದಲ್ಲಿ ‘ಆಪ್ಷನ್ಸ್’ ಎಂಬುದನ್ನು ಒತ್ತಿ, ಆ ಒಂದು ಸಲಕ್ಕೆ ಸ್ಥಳವನ್ನು ಬಿಟ್ಟು ಕಳುಹಿಸಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ಅದರಲ್ಲಿ ‘ಡೀಟೇಲ್ಸ್’ ತೆರೆದರೆ ಕೆಳತುದಿಯಲ್ಲಿ ವೈಯಕ್ತಿಕ ಮಾಹಿತಿ ತೆಗೆಯುವ ಕೊಂಡಿ ಇರುತ್ತದೆ. ಸಾವಿರಾರು ಚಿತ್ರಗಳನ್ನು ಒಟ್ಟಿಗೆ ಶುಚಿ ಮಾಡಬೇಕಾದವರಿಗೆ ಫಿಲ್ ಹಾರ್ವಿ ಎಂಬುವರು ರೂಪಿಸಿ ಉಚಿತವಾಗಿ ಕೊಟ್ಟಿರುವ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಇದೆ. ಒಂದು ಸಾಲಿನ ಆಜ್ಞೆಗೆ ಇಡೀ ಫೋಲ್ಡರ್ ಶುಚಿಯಾಗುತ್ತದೆ. ಅದು ಮೊದಲಿನ ಕಡತವನ್ನೂ ಪಕ್ಕದಲ್ಲೇ ಬೇರೆ ಹೆಸರಿನಲ್ಲಿ ಉಳಿಸಿರುತ್ತದೆಂಬುದನ್ನು ಮರೆತು ಫೋಲ್ಡರನ್ನೇ ಕಳುಹಿಸಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಎಲ್ಲವನ್ನೂ ಅಳಿಸುವಾಗ ಅಡ್ಡ, ಉದ್ದದ ಗುರುತೂ ಅಳಿದು ಚಿತ್ರ ಮಗ್ಗುಲಾಗಿ ಕಾಣಿಸಬಹುದು. ಆದ್ದರಿಂದ ಮೊದಲೇ ಅದನ್ನು ಸರಿಯಾಗಿ ತಿರುಗಿಸಿ ಉಳಿಸಿಕೊಳ್ಳಬೇಕು.

ಆದರೆ ಮಕ್ಕಳ ಪುಟಕ್ಕೆ ಚಿತ್ರ ಕಳುಹಿಸುವ ತಾಯಿ ಇದನ್ನೆಲ್ಲ ಕಲಿತೇ ಕಳುಹಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಕಣ್ಣಿಗೆ ಕಾಣದ ಅಪಾಯದಿಂದ ತಪ್ಪಿಸಿಕೊಳ್ಳಿ ಎಂದು, ಅದು ಇದೆಯೆಂದೇ ಅರಿಯದವರಿಗೆ ಹೇಳಿ ಏನು ಪ್ರಯೋಜನ? ಕಳುಹಿಸುವ ಕೈಗಳು ಲೆಕ್ಕವಿಲ್ಲದಷ್ಟು, ಸ್ವೀಕರಿಸುವ ಬಾಗಿಲು ಒಂದೇ. ಶುಚಿ ಮಾಡುವ ಕೆಲಸ ಆ ಒಂದು ಬಾಗಿಲಿನಲ್ಲಿ ತಾನಾಗಿಯೇ ನಡೆಯಬೇಕು. ಪತ್ರಿಕೆಗಳಿಗೆ ಮಾತ್ರವಲ್ಲ, ಚಿತ್ರ ಹಾಕಿಸಿಕೊಳ್ಳುವ ಮಾರಾಟದ ಜಾಲತಾಣಗಳಿಗೆ, ವಾರ್ಷಿಕೋತ್ಸವದ ಚಿತ್ರಗಳನ್ನು ತಮ್ಮ ತಾಣದಲ್ಲಿ ತುಂಬುವ ಶಾಲೆಗಳಿಗೆ, ವಧೂವರರ ಚಿತ್ರ ಪಡೆಯುವ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಛಾಯಾಗ್ರಾಹಕರ ಕಡೆಯಿಂದ ಬರುವ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಚಿತ್ರ ಯಾರದು, ಹಕ್ಕು ಯಾರದು ಎಂಬ ಬರಹವೂ ಮೆಟಾಡೇಟಾದಲ್ಲೇ ಇರುತ್ತದೆ. ಎಲ್ಲವನ್ನೂ ಒರಸಿಹಾಕಿದರೆ ದುಡಿದವರ ಹೆಸರೂ ಒರಸಿಹೋಗುತ್ತದೆ. ಹಾಗೆಯೇ, ಸುಳ್ಳು ಚಿತ್ರಗಳು ಹೆಚ್ಚುತ್ತಿರುವಾಗ, ಬಂದ ಚಿತ್ರ ಹೇಳಿದ ದಿನ, ಹೇಳಿದ ಜಾಗದಲ್ಲೇ ತೆಗೆದದ್ದೇ ಎಂದು ಪರಿಶೀಲಿಸಲು ಸಂಪಾದಕೀಯ ವಿಭಾಗಕ್ಕೆ ಇದು ನೆರವಾಗುತ್ತದೆ. ಅನ್ಯಾಯವನ್ನು ದಾಖಲಿಸಿದವರಿಗೆ ನ್ಯಾಯಾಲಯದಲ್ಲಿ ಇದೇ ಸಾಕ್ಷಿಯಾಗಬಹುದು. ಆದ್ದರಿಂದ ಮೂಲ ಕಡತವನ್ನು ನಾಶಮಾಡಿ ಎಂದು ನಾನು ಹೇಳುತ್ತಿಲ್ಲ. ಮೂಲ ಒಳಗೇ ಇರಲಿ, ಹೊರಗೆ ಹೋಗುವ ಪ್ರತಿ ಶುಚಿಯಾಗಿರಲಿ. ಕರ್ತೃವಿನ ಹೆಸರು ಮತ್ತು ಹಕ್ಕಿನ ಬರಹವನ್ನು ಉಳಿಸಿ, ಸ್ಥಳ, ಕ್ರಮಸಂಖ್ಯೆ, ಪುಟ್ಟ ಪ್ರತಿಗಳನ್ನಷ್ಟೇ ತೆಗೆಯುವುದು ಇವತ್ತಿನ ಉಪಕರಣಗಳಿಗೆ ಸುಲಭದ ಕೆಲಸ.

ಮೆಟಾಡೇಟಾ ತೆಗೆದ ಮಾತ್ರಕ್ಕೆ ಎಲ್ಲವೂ ಕ್ಷೇಮ ಎಂಬ ಭ್ರಮೆಯೂ ಬೇಡ. ಸಮವಸ್ತ್ರದ ಮೇಲಿನ ಶಾಲೆಯ ಲಾಂಛನ, ಹಿಂದೆ ಕಾಣುವ ಅಂಗಡಿಯ ಫಲಕ, ಕಿಟಕಿಯ ಗಾಜಿನಲ್ಲಿ ಮೂಡಿದ ಎದುರು ಮನೆ, ಇವು ಚಿತ್ರದ ಮೈಮೇಲೆಯೇ ಇರುತ್ತವೆ. ಅವುಗಳಿಗೆ ಕಣ್ಣಿನ ಎಚ್ಚರವೇ ಬೇಕು. ಆದರೆ ಕಣ್ಣಿಗೆ ಕಾಣುವುದನ್ನು ಕಳುಹಿಸುವವರು ನೋಡಿಕೊಳ್ಳಬಲ್ಲರು. ಕಾಣದಿರುವುದನ್ನು ನೋಡಿಕೊಳ್ಳಬೇಕಾದವರು ಅದನ್ನು ಕಾಣಬಲ್ಲವರು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಚಿತ್ರ ಆಹ್ವಾನಿಸುವ ಪ್ರಕಟಣೆಯಲ್ಲಿ, ಕಳುಹಿಸುವ ಮುನ್ನ ಸ್ಥಳದ ಮಾಹಿತಿ ತೆಗೆಯುವುದು ಹೇಗೆಂದು ಎರಡು ಸಾಲು ಸೇರಿಸಿರಿ. ತೆಗೆಯದೆ ಬಂದ ಚಿತ್ರಗಳಿಂದ ಅದನ್ನು, ಜಾಲತಾಣಕ್ಕೆ ಏರಿಸುವ ಹಂತದಲ್ಲಿ ತಂತ್ರಾಂಶವೇ ತೆಗೆಯುವಂತೆ ಏರ್ಪಾಡು ಮಾಡಿರಿ. ಗುರುತು ಮುಚ್ಚಿಡಬೇಕಾದವರ ಚಿತ್ರಗಳನ್ನು ವರದಿಗಾರರು ಕಚೇರಿಗೆ ಕಳುಹಿಸುವಾಗಲೇ ಈ ಕ್ರಮ ಪಾಲಿಸಲಿ. ಸ್ಪರ್ಧೆ ಮುಗಿದ ಮೇಲೆ ಓದುಗರ ಮೂಲ ಕಡತಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರೆಂಬುದನ್ನೂ ತಿಳಿಸಿದರೆ ಒಳ್ಳೆಯದು.

ಕೊನೆಯದಾಗಿ ಒಂದು ಸ್ವಂತದ ಕೋರಿಕೆ. ನನ್ನ ಮೊಮ್ಮಗಳು ಮಣ್ಣಿನ ಆನೆ ಹಿಡಿದು ನಿಂತ ಆ ಚಿತ್ರವನ್ನು ನಾನು ಹೋದ ವರ್ಷ ನಿಮ್ಮ ಮಕ್ಕಳ ಪುಟಕ್ಕೇ ಕಳುಹಿಸಿದ್ದೆ. ಅವಳ ಹೆಸರು, ವಯಸ್ಸು, ತರಗತಿಯೊಂದಿಗೆ ನೀವು ಅದನ್ನು ಅಚ್ಚಿನಲ್ಲೂ ಜಾಲತಾಣದಲ್ಲೂ ಪ್ರಕಟಿಸಿದಾಗ ಮನೆಯವರೆಲ್ಲ ಸಂಭ್ರಮಪಟ್ಟೆವು. ಸೈಕಲ್ಲಿನ ಪ್ರಸಂಗವಾದ ರಾತ್ರಿ ಆ ಪುಟವನ್ನು ಮತ್ತೆ ತೆರೆದೆ. ಅಲ್ಲಿ ಕಾಣುವ ಸಣ್ಣ ಚಿತ್ರದಲ್ಲಿ ಏನೂ ಇಲ್ಲ. ಆದರೆ ಅದನ್ನು ಒತ್ತಿ ದೊಡ್ಡದಾಗಿ ಇಳಿಸಿಕೊಂಡರೆ ನಾನು ಕಳುಹಿಸಿದ ಮೂಲ ಕಡತವೇ ಬರುತ್ತದೆ, ಅದರ ಕೆಳಗೆ ಭೂಪಟವೂ ಬರುತ್ತದೆ. ಆ ಪುಟದ ಕೊಂಡಿಯನ್ನು ಈ ಪತ್ರದೊಂದಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಅದನ್ನು ದಯವಿಟ್ಟು ಪ್ರಕಟಿಸಬೇಡಿ. ಈ ಪತ್ರ ಅಚ್ಚಾಗುವುದು ತಡವಾದರೂ ಚಿಂತೆಯಿಲ್ಲ, ಆ ಕಡತವನ್ನು ಇಂದೇ ತೆಗೆಸಿಕೊಡಿ. ಅದೇ ಪುಟದಲ್ಲಿ ಇನ್ನೂ ಹನ್ನೊಂದು ಮಕ್ಕಳ ಚಿತ್ರಗಳಿವೆ. ಅವುಗಳನ್ನು ನಾನು ಇಳಿಸಿಕೊಂಡು ನೋಡಿಲ್ಲ, ನೋಡುವುದು ಸರಿಯಲ್ಲವೆನಿಸಿತು. ತಾವು ನೋಡಿಸಬೇಕು.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ
(ಹೆಸರು ಮತ್ತು ವಿಳಾಸ ತಮ್ಮ ಕಚೇರಿಯ ಮಾಹಿತಿಗಾಗಿ ಮಾತ್ರ)